ಉಗುರುಬಣ್ಣದ ಚುಕ್ಕೆ

ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಮಗು ಅವಳಿಗೆ ಗೊತ್ತಿದ್ದ ಮಗುವಲ್ಲ. ಎಂಟು ದಿನದಿಂದ ಮೂರನೇ ಮಹಡಿಯ ಪರದೆಯಲ್ಲಿ ನೋಡಿ ನೋಡಿ ಬಾಯಿಪಾಠವಾಗಿದ್ದ ಮಗುವಿಗೆ ದುಂಡು ಕೆನ್ನೆಗಳಿದ್ದವು, ಕೆನ್ನೆಯಲ್ಲಿ ಕೆಂಪಿತ್ತು, ತುಟಿಯ ಅಂಚು ಪೆನ್ಸಿಲ್ಲಿನಿಂದ ತೀಡಿದ ಹಾಗಿತ್ತು. ಇದು ಸಣ್ಣದು. ಹಳೆಯ ಪುಸ್ತಕದ ಹಾಳೆಯ ಬಣ್ಣದ್ದು. ಚರ್ಮ ಮೈಗಿಂತ ಒಂದಳತೆ ದೊಡ್ಡದಾಗಿ ಹೊಲಿದಂತೆ ಮೊಣಕಾಲಿನಲ್ಲಿ ಸುಕ್ಕಾಗಿತ್ತು. ಅವಳು ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯನ್ನು ಎರಡು ಸಲ ಓದಿದಳು. ಸಂಖ್ಯೆ ಅದೇ, ಮೇಲೆ ತೂಗುತ್ತಿದ್ದ ಕ್ಯಾಮೆರಾ ಅದೇ, ಕೆಳಗೆ ಹಾಸಿದ್ದ ತಿಳಿನೀಲಿ ಬಟ್ಟೆ ಅದೇ. ಆಸ್ಪತ್ರೆಯ ಕ್ಯಾಮೆರಾ, ಪರದೆಗಳ ಉಸ್ತುವಾರಿ ಅವಳದು; ಈಗ ಬಂದದ್ದು ಕ್ಯಾಮೆರಾದ ಕಣ್ಣು ಒರೆಸಲು. ವಾರಕ್ಕೊಮ್ಮೆ ಮೂಗುಬಾಯಿ ಕಟ್ಟಿಕೊಂಡು, ಮೈಮೇಲೆ ಹಸಿರು ನಿಲುವಂಗಿ ತೊಟ್ಟು ಮಾಡುವ ಐದು ನಿಮಿಷದ ಕೆಲಸ. ಕಳೆದ ವಾರ ನೆಗಡಿಯಾಗಿದೆಯೆಂದು ಅವಳನ್ನು ಬಾಗಿಲಿನಲ್ಲೇ ತಡೆದಿದ್ದರು, ದಾದಿಯರೇ ಒರೆಸಿಕೊಂಡಿದ್ದರು. ಹಾಗಾಗಿ ಕಣ್ಣಾರೆ ಈ ಮಗುವನ್ನು ಅವಳು ನೋಡುತ್ತಿದ್ದುದು ಇದೇ ಮೊದಲು. ದೊಡ್ಡ ದಾದಿ ಹಿಂದಿನಿಂದ ಬಂದು, ಇಳಿದಿದ್ದ ತೂಕವೆಲ್ಲ ವಾಪಸ್ ಬಂತು ನೋಡಿ ಕಳ್ಳನದು, ಎಂದು ತನ್ನದೇ ಸಂಪಾದನೆಯೆಂಬಂತೆ ಹೇಳಿದಳು. ಚೆನ್ನಾಗಿದಾನಾ ಎಂದು ಇವಳು ಕೇಳಿದ್ದಕ್ಕೆ, ಇದಕ್ಕಿಂತ ಚೆನ್ನಾಗಿರೋದು ಹೇಗೆ, ಎಂದಳು. ಆಮೇಲೆ ಕೈ ತೊಳೆಯುತ್ತ, ಮಾತಿಗೆ ಮಾತು ಎನ್ನುವ ಹಾಗೆ, “ಇವತ್ತು ನಾಲ್ಕು ಗಂಟೆಗೆ ತಾಯೀನ ಕೆಳಗೆ ಕರ್ಕೊಂಡು ಬರ್ತೀವಿ. ಮೊದಲ ಸಲ ನೋಡೋದು, ಪಾಪ,” ಎಂದಳು.

ಅವಳು ಕ್ಯಾಮೆರಾದ ಕಣ್ಣನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಗಾಜು ಮೊದಲೇ ಸ್ವಚ್ಛವಾಗಿತ್ತು. ಎದೆಯೊಳಗೆ ಯಾರೋ ಮಡಿಸಿದ ಛತ್ರಿಯನ್ನು ಮೆಲ್ಲಗೆ ಬಿಚ್ಚುತ್ತಿರುವ ಹಾಗಾಗುತ್ತಿತ್ತು, ತಪ್ಪು ತನ್ನದೆಂದು ಗೊತ್ತಾದಾಗ ಆಗುವ ಹಾಗೆ. ಬೆಳಿಗ್ಗೆ ತಿಂಡಿಗೆ ಕೂತಾಗ ಇಂಥದ್ದೇನೂ ಇರಲಿಲ್ಲ. ಕಿಟಕಿಯಿಂದ ಬಿಸಿಲು ಬಂದು ಮೇಜಿನ ಅರ್ಧಕ್ಕೆ ನಿಂತಿತ್ತು. ಗಂಡ, ಲಾರಿ ತೂಗುವ ಕಟ್ಟೆಯಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತನಾಗಿದ್ದವನು, ಬಿಸಿಲಿರುವ ಅರ್ಧವನ್ನು ಅವಳಿಗೆ ಬಿಟ್ಟು ನೆರಳಿನ ಅರ್ಧದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಸಕ್ಕರೆ ಸರಿಯಿದೆಯಾ ಎಂದು ಅವಳು ಕೇಳಿದ್ದಳು, ಸರಿಯಿದೆ ಎಂದಿದ್ದ. ನಿಜವಾಗಿ ಸರಿಯಿದೆಯಾ ಎಂದು ಕೇಳಿದ್ದಳು. ಅವನು ಲೋಟ ಕೆಳಗಿಟ್ಟು, ಮಹಾರಾಯ್ತಿ, ನನ್ನ ಕಟ್ಟೆಗೆ ಲಾರಿ ಒಂದೇ ಸಲ ಹತ್ತಿ ಇಳಿಯುತ್ತೆ, ನೀನು ಒಂದು ಲೋಟ ಚಹಾನ ನಾಲ್ಕು ಸಲ ತೂಗಿಸ್ತೀಯ, ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಸ್ಪತ್ರೆಯ ಹಾದಿಯುದ್ದಕ್ಕೂ ಆ ನಗೆ ಬಾಯಿಯ ಮೂಲೆಯಲ್ಲಿ ಉಳಿದಿತ್ತು. ಈ ಕೆಲಸ ಅವಳಿಗೆ ಇಷ್ಟ, ಈ ಊಟದ ಮೇಜು ಇಷ್ಟ, ತನ್ನ ಬದುಕಿನ ಬಗ್ಗೆ ಯಾರಾದರೂ ಕೇಳಿದರೆ ದೂರು ಹೇಳಲು ಅವಳು ತಡಕಾಡಬೇಕಾಗುತ್ತಿತ್ತು. ಆದರೂ ಎಲ್ಲವೂ ಸರಿಯಿರುವಾಗ ಯಾವುದೋ ಒಂದನ್ನು ತಾನು ನೋಡದೆ ಬಿಟ್ಟಿರಬೇಕು ಎಂಬ ಸಂಶಯ, ಚಪ್ಪಲಿಯೊಳಗಿನ ಮರಳಿನ ಕಣದ ಹಾಗೆ, ಎಲ್ಲೋ ಒಂದು ಕಡೆ ಇದ್ದೇ ಇರುತ್ತಿತ್ತು. ಇವತ್ತು ಅದು ಕಾಲಿಗೆ ಚುಚ್ಚಿತ್ತು.

ಎಳೆಮಕ್ಕಳ ವಿಭಾಗ ಹೊಸ ಕಟ್ಟಡದ ನೆಲಮಹಡಿಯಲ್ಲಿ. ಬಾಣಂತಿಯರ ವಿಭಾಗ ಅಂಗಳದಾಚೆಯ ಹಳೆ ಕಟ್ಟಡದ ಮೂರನೇ ಮಹಡಿಯಲ್ಲಿ. ಜ್ವರವೋ ಹೊಲಿಗೆಯ ಕೀವೋ ಇದ್ದು ಕೆಳಗೆ ಬರಲಾಗದ ತಾಯಂದಿರಿಗಾಗಿ ನಡುವೆ ಒಂದು ಕೇಬಲು ಎಳೆದಿದ್ದರು. ಕ್ಯಾಮೆರಾದಿಂದ ಹೊರಟ ಅದು ಚಾವಣಿಯ ಹಲಗೆಗಳ ಮೇಲೆ ಹಾದು, ನೀರಿನ ಕೊಳವೆಗಳ ಜೊತೆ ಅಂಗಳದ ಅಡಿಯಲ್ಲಿ ನುಸುಳಿ, ಹಳೆ ಲಿಫ್ಟಿನ ಗೂಡಿನಲ್ಲಿ ಮೇಲೇರಿ, ಮುನ್ನೂರಿಪ್ಪತ್ತು ಮೀಟರು ನಡೆದು ಬಟ್ಟೆಗಳ ಕೋಣೆಯ ಪಕ್ಕದ ಒಂದು ಗೂಡಿಗೆ ಬಂದು ಸೇರುತ್ತಿತ್ತು. ಅಷ್ಟು ದೂರ ನಡೆದ ಚಿತ್ರ ಸುಸ್ತಾಗಿರುತ್ತದೆ. ದಪ್ಪ ಸಂಗತಿಗಳು, ಇಲ್ಲಿ ಬೆಳಕು ಅಲ್ಲಿ ಕತ್ತಲು ಎನ್ನುವಂಥವು, ಹೇಗೋ ತಲುಪುತ್ತವೆ. ನವಿರಾದವು, ಕೂದಲಿನ ಎಳೆ, ರೆಪ್ಪೆಯ ಅಂಚು, ಎಲ್ಲಕ್ಕಿಂತ ಮೊದಲು ಬಣ್ಣ, ದಾರಿಯಲ್ಲೇ ಸೋರಿಹೋಗುತ್ತವೆ. ಸೋರಿದ್ದನ್ನು ತುಂಬಿಕೊಡಲು ಗೂಡಿನಲ್ಲಿ ಒಂದು ಬೂದುಬಣ್ಣದ ಪೆಟ್ಟಿಗೆ ಇತ್ತು. ಅದಕ್ಕೊಂದು ತಿರುಪು. ತಿರುಗಿಸಿದಷ್ಟೂ ಅದು ಬಣ್ಣವನ್ನೂ ಅಂಚುಗಳನ್ನೂ ಎತ್ತುತ್ತ ಹೋಗುತ್ತದೆ. ಎಷ್ಟು ಕಳೆದಿದೆಯೋ ಅಷ್ಟೇ ಎತ್ತಿದರೆ ಆ ತುದಿಯಲ್ಲಿದ್ದದ್ದು ಈ ತುದಿಯಲ್ಲಿ ಇದ್ದ ಹಾಗೇ ಕಾಣುತ್ತದೆ. ಅದಕ್ಕಿಂತ ಹೆಚ್ಚು ಎತ್ತಿದರೂ ಪೆಟ್ಟಿಗೆ ಬೇಡವೆನ್ನುವುದಿಲ್ಲ.

ಎಷ್ಟು ಕಳೆದಿದೆ ಎಂದು ತಿಳಿಯುವುದಕ್ಕೆ ಒಂದು ಕ್ರಮವಿತ್ತು, ಅದನ್ನು ಅವಳಿಗೆ ಕಲಿಸಿದವರು ಪಟ್ಟಿ ಮೇಷ್ಟ್ರು. ಅವರು ಮೇಷ್ಟ್ರಲ್ಲ, ಅವಳಿಗಿಂತ ಮೊದಲು ಇದೇ ಹುದ್ದೆಯಲ್ಲಿದ್ದವರು. ಎಲ್ಲದಕ್ಕೂ ಬಣ್ಣದ ಪಟ್ಟಿ ಹಾಕಿ ನೋಡು ಎನ್ನುತ್ತಿದ್ದರಿಂದ ದಾದಿಯರು ಇಟ್ಟ ಹೆಸರು. ಕ್ಯಾಮೆರಾವನ್ನು ಬಿಚ್ಚಿ ಅದರ ಜಾಗದಲ್ಲಿ ಬಣ್ಣದ ಪಟ್ಟಿಗಳನ್ನು ಕಳಿಸುವ ಸಣ್ಣ ಯಂತ್ರವನ್ನು ಸಿಕ್ಕಿಸಬೇಕು. ಹಳದಿ ಎಷ್ಟು, ನೀಲಿ ಎಷ್ಟು, ಕೆಂಪು ಎಷ್ಟು ಎಂದು ಆ ತುದಿಯಲ್ಲಿ ಗೊತ್ತಿರುತ್ತದೆ. ಈ ತುದಿಯಲ್ಲಿ ಅಳೆದು, ಅಷ್ಟಕ್ಕೇ ಬರುವ ತನಕ ತಿರುಪು ತಿರುಗಿಸಬೇಕು. ಮುಖ ನೋಡಿ ತಿರುಗಿಸಬೇಡಮ್ಮ, ಎನ್ನುತ್ತಿದ್ದರು. ಮುಖ ಎಷ್ಟು ಕೆಂಪಿರಬೇಕು ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ, ಆ ಮುಖದೋನಿಗೂ ಗೊತ್ತಿಲ್ಲ. ನಿವೃತ್ತಿಯ ಹಿಂದಿನ ದಿನ ಇಬ್ಬರೂ ಸೇರಿ ಕೊನೆಯ ಸಲ ಪಟ್ಟಿ ಹಾಕಿ ಅಳೆದಿದ್ದರು. ಅಳತೆ ಸರಿಬಂದ ಕೂಡಲೇ ಅವರು ಕೈ ಚಾಚಿ, ಉಗುರಿಗೆ ಹಚ್ಕೊಳ್ಳೋ ಬಣ್ಣ ಇದೆಯಾ, ಎಂದಿದ್ದರು. ಅವಳ ಚೀಲದಲ್ಲಿದ್ದ ಗಾಢ ಕೆಂಪಿನ ಸೀಸೆಯಿಂದ ತಿರುಪಿನ ತುದಿಗೂ ಪೆಟ್ಟಿಗೆಯ ಮೈಗೂ ಎದುರುಬದುರಾಗಿ ಒಂದೊಂದು ಚುಕ್ಕೆ ಇಟ್ಟಿದ್ದರು. ಎರಡು ಚುಕ್ಕೆ ಮುಖಾಮುಖಿ ನಿಂತರೆ ಚಿತ್ರ ಸರಿ. ಚುಕ್ಕೆ ಒಣಗಲೆಂದು ಅವರು ಬಾಗಿ ಊದಿದ್ದು, ಮದುವೆಗೆ ಹೊರಟ ಹುಡುಗಿಯ ಹಾಗೆ ಕಂಡು ಅವಳು ನಗು ತಡೆದುಕೊಂಡದ್ದು, ಎಲ್ಲ ನೆನಪಿತ್ತು.

ಎಂಟು ದಿನದ ಹಿಂದೆ ಆ ಚುಕ್ಕೆಗಳು ಮುಖಾಮುಖಿಯಾಗೇ ಇದ್ದವು. ಎರಡು ದಿನದ ಬಾಣಂತಿಯ ಹಾಸಿಗೆಯ ಎದುರು ಪರದೆ ಹಚ್ಚಿಕೊಟ್ಟಿದ್ದಳು. ಬಾಣಂತಿ ಇಸ್ತ್ರಿ ಅಂಗಡಿ ನಡೆಸುವವಳು, ಅಂಗಡಿಯ ಹಿಂದೆಯೇ ಒಗೆಯುವ ಯಂತ್ರಗಳನ್ನೂ ಇಟ್ಟುಕೊಂಡವಳು. ವಿಭಾಗದಲ್ಲೆಲ್ಲ ಲಾಂಡ್ರಿಯಮ್ಮ ಎಂದೇ ಕರೆಯುತ್ತಿದ್ದರು. ಹೊಲಿಗೆಯಲ್ಲಿ ನಂಜಾಗಿ ಎದ್ದು ಕೂರಲೂ ಆಗದೆ ಮಲಗಿದ್ದವಳು ಪರದೆ ನೋಡಿದಳು, ಬಹಳ ಹೊತ್ತು ನೋಡಿದಳು, ನಂತರ ಯಾರನ್ನೂ ಕೇಳದ ಧ್ವನಿಯಲ್ಲಿ, “ಬೂದಿ ಬಣ್ಣ ಇದಾನಲ್ಲ,” ಎಂದಳು. ಅಷ್ಟೇ. ಅತ್ತಿರಲಿಲ್ಲ. ಅತ್ತಿದ್ದರೆ ಬಹುಶಃ ಇವಳು ಪಟ್ಟಿಯ ಯಂತ್ರವನ್ನು ತರಲು ಹೋಗುತ್ತಿದ್ದಳೇನೋ. ಆ ಒಣ ಧ್ವನಿಯನ್ನು ತಡೆಯಲಾರದೆ, ಕೇಬಲು ಉದ್ದ ಅಲ್ವಾ, ಬಣ್ಣ ಸ್ವಲ್ಪ ಹೋಗುತ್ತೆ, ಈಗ ಸರಿಮಾಡ್ತೀನಿ, ಎಂದು ಹೇಳಿ ಗೂಡಿಗೆ ಓಡಿದ್ದಳು. ಬಾಗಿಲು ತೆರೆದರೆ ಗೂಡಿನಿಂದಲೇ ಪರದೆ ಕಾಣುತ್ತದೆ. ತಿರುಪಿಗೆ ಸ್ಕ್ರೂಡ್ರೈವರಿಟ್ಟು, ಮಗುವಿನ ಕೆನ್ನೆ ನೋಡುತ್ತ ತಿರುಗಿಸಿದ್ದಳು. ಕೆನ್ನೆಗೆ ಜೀವ ಬರುವ ತನಕ. ಮುಕ್ಕಾಲು ಸುತ್ತು. ಮತ್ತೆ ಬಂದು, ಈಗ ಚೆನ್ನಾಗಿ ಕಾಣ್ತಾನಾ, ಎಂದು ಕೇಳಿದಾಗ ಲಾಂಡ್ರಿಯಮ್ಮ ಪರದೆಯನ್ನೂ ಇವಳನ್ನೂ ನೋಡಿ, ಹೂಂ, ಚೆನ್ನಾಗಿ ಕಾಣ್ತಾನೆ, ಎಂದಿದ್ದಳು. ಅವತ್ತು ಸಂಜೆ ಮನೆಗೆ ಹೋಗುವಾಗ ಅವಳಿಗೆ ಅದೆಂಥ ಹಗುರ. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡಿದ್ದಳು. ಚುಕ್ಕೆಗಳು ಬೇರೆಯಾದದ್ದನ್ನು ಕಣ್ಣು ನೋಡಿತ್ತು; ಮನಸ್ಸು ನೋಡಿರಲಿಲ್ಲ, ಅಥವಾ ನೋಡಿ ಪಕ್ಕಕ್ಕಿಟ್ಟಿತ್ತು. ಈಗ ಅಂಗಳ ದಾಟಿ ಹಳೆ ಕಟ್ಟಡದ ಮೆಟ್ಟಿಲು ಹತ್ತುತ್ತ ಅವಳಿಗೆ ಪೂರ್ತಿ ತಿಳಿಯಿತು. ಅವತ್ತು ಚಿತ್ರ ಸರಿಯಾಗಿತ್ತು. ಮಗುವೇ ಬೂದಿಯ ಬಣ್ಣದ್ದಿತ್ತು. ಕೇಬಲಿನಲ್ಲಿ ಆಗದ ನಷ್ಟವನ್ನು ಅವಳು ತುಂಬಿಕೊಟ್ಟಿದ್ದಳು.

ಅವಳ ಅಪ್ಪ ದೂರದ ಗಣಿಯೊಂದರಲ್ಲಿ ಕೆಲಸಕ್ಕಿದ್ದಾಗ ತಿಂಗಳಿಗೊಂದು ಕಾಗದ ಬರುತ್ತಿತ್ತು, ನಾಲ್ಕು ಸಾಲಿನದು. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಅಮ್ಮನಿಗೆ ಪುರುಸೊತ್ತಿರುತ್ತಿರಲಿಲ್ಲ, ಒಂಬತ್ತು ವರ್ಷದ ಅವಳು ಗಟ್ಟಿಯಾಗಿ ಓದಬೇಕಿತ್ತು. ನಾಲ್ಕು ಸಾಲು ಮುಗಿದ ಮೇಲೂ ಅಜ್ಜಿ ಕಿವಿಯನ್ನು ಕಾಗದದ ಕಡೆಗೇ ಚಾಚಿಕೊಂಡಿರುತ್ತಿದ್ದಳು. ಆ ಚಾಚಿದ ಕಿವಿಯನ್ನು ನೋಡಲಾಗದೆ ಅವಳು ಒಂದು ದಿನ ಐದನೆಯ ಸಾಲು ಓದಿದಳು: ಅಮ್ಮನ ಮಂಡಿನೋವು ಹೇಗಿದೆ, ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆಯೇ. ಮುಂದಿನ ತಿಂಗಳು ಆರನೆಯ ಸಾಲೂ ಬಂತು. ವರ್ಷದ ಕೊನೆಗೆ ಅಪ್ಪ ರಜೆಯ ಮೇಲೆ ಬಂದವನು ಎಂದಿನ ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಕೂತಾಗ ಅಜ್ಜಿ, ಕಾಗದದಲ್ಲಿ ಅಷ್ಟೊಂದು ಮಾತಾಡ್ತೀಯ, ಎದುರಿಗೆ ಬಂದ್ರೆ ನಿನ್ನ ನಾಲಿಗೆ ಎಲ್ಲೋ ಅಡವಿಟ್ಟು ಬಂದೋನ ಹಾಗಿರ್ತೀಯಲ್ಲೋ, ಎಂದಳು. ಅಪ್ಪ ತಲೆಯೆತ್ತಿ ನೋಡಿದ್ದು ಅಜ್ಜಿಯನ್ನಲ್ಲ, ಬಾಗಿಲ ಮರೆಯಲ್ಲಿದ್ದ ಅವಳನ್ನು. ಬೈಯಲಿಲ್ಲ. ಆದರೆ ಅವನು ಮರಳಿ ಹೋದ ಮೇಲೆ ಬಂದ ಮೊದಲ ಕಾಗದದಲ್ಲಿ ಐದು ಸಾಲಿದ್ದವು, ಐದನೆಯದು ಅಜ್ಜಿಯ ಮಂಡಿಯ ಬಗ್ಗೆ. ಅವಳು ಅದನ್ನೂ ಓದಿ, ಅಭ್ಯಾಸಬಲದಿಂದ ತನ್ನ ಸಾಲನ್ನೂ ಓದಿದಳು. ಅಜ್ಜಿ, ಒಂದೇ ಕಾಗದದಲ್ಲಿ ಎರಡೆರಡು ಸಲ ಯಾಕೆ ಕೇಳ್ತಾನೆ, ನಂಗೇನಾದ್ರೂ ಹೇಳಬಾರದ ರೋಗ ಇದೆಯಾ, ಎಂದು ಗಾಬರಿಬಿದ್ದು ಮೂರು ದಿನ ಊಟ ಬಿಟ್ಟಿದ್ದಳು.

ಗೂಡಿನಲ್ಲಿ ಕೂರಲು ಸ್ಟೂಲು ಇರಲಿಲ್ಲ. ಪಕ್ಕದ ಬಟ್ಟೆಕೋಣೆಯಿಂದ ಒಗೆದು ಬಂದ ತಿಳಿನೀಲಿ ಹೊದಿಕೆಗಳ ಗಂಟೊಂದನ್ನು ಎಳೆದು ಅದರ ಮೇಲೆ ಕೂತು, ಪಟ್ಟಿ ಮೇಷ್ಟ್ರಿಗೆ ಫೋನು ಮಾಡಿದಳು. ಆ ಕಡೆ ರೇಡಿಯೋ ಹಾಡುತ್ತಿತ್ತು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಮೊದಲು ಕೇಳಿದ್ದು, ಎಷ್ಟು ಸುತ್ತು. ಮುಕ್ಕಾಲು ಎಂದಳು. ಅವರು ರೇಡಿಯೋ ಆರಿಸಿದರು. ಮುಕ್ಕಾಲು ಸುತ್ತಿಗೆ ಮಗು ಅಲ್ಲಮ್ಮ, ಬೀಟ್‌ರೂಟು ಕಾಣ್ತಿರಬೇಕು, ಅಂಚೆಲ್ಲ ಬಿಳಿಬಿಳಿ ಗೆರೆ ಎದ್ದಿರಬೇಕಲ್ಲ, ಎಂದರು. ಎದ್ದಿದೆ, ಎಂದಳು, ತಲೆ ಸುತ್ತ ಬೆಳಕಿನ ಬಳೆ ಇದೆ, ಇದು ಪುಣ್ಯವಂತ ಮಗು ಅಂತ ಅದರ ಅಜ್ಜಿ ಎಲ್ಲರಿಗೂ ಹೇಳ್ಕೊಂಡು ಬರ್ತಿದಾರೆ. ಮೇಷ್ಟ್ರು ಕೆಮ್ಮುವ ತನಕ ನಕ್ಕರು. ನಂತರ, ಪರದೆ ಆರಿಸು, ಚುಕ್ಕೆಗೆ ತಂದು ನಿಲ್ಲಿಸು, ಪರದೆ ಹಚ್ಚು, ಅರ್ಧ ನಿಮಿಷದ ಕೆಲಸ, ಎಂದರು. ಆರಿಸಿ ಹಚ್ಚುವಷ್ಟರಲ್ಲಿ ಮಗು ಬಿಳಿಚಿಕೊಂಡ್ರೆ ಆ ತಾಯಿಗೆ ಏನನ್ನಿಸುತ್ತೆ, ಎಂದು ಇವಳು ಕೇಳಿದಳು. ಹಾಗಾದ್ರೆ ಬಿಟ್ಬಿಡು, ನಾಲ್ಕು ಗಂಟೆಗೆ ಕಣ್ಣಾರೆ ನೋಡ್ತಾಳೆ, ಎಂದರು. ನೋಡಿದ್ಮೇಲೆ ಇದು ನನ್ನ ಮಗುನೇ ಅಲ್ಲ ಅಂದ್ರೆ, ಎಂದು ಇವಳು ಕೇಳಿದಳು. “ನೀನು ತಿರುಪಿನ ಬಗ್ಗೆ ಕೇಳಿದ್ರೆ ಹೇಳ್ತೀನಮ್ಮ. ಇದು ತಿರುಪಿನ ವಿಷಯ ಅಲ್ಲ,” ಎಂದರು ಮೇಷ್ಟ್ರು.

ಬೆಳಿಗ್ಗೆ ತಾನೇ ಗಾಜಿನ ಮುಂದೆ ನಿಂತು ಚೀಟಿಯನ್ನು ಎರಡು ಸಲ ಓದಿದವಳು ಅವಳು. ಎಂಟು ದಿನ ಪರದೆಯನ್ನೇ ನೋಡುತ್ತ ಮಲಗಿದ ಹೆಂಗಸು ನಾಲ್ಕು ಗಂಟೆಗೆ ಗಾಲಿಕುರ್ಚಿಯಲ್ಲಿ ಆ ಪೆಟ್ಟಿಗೆಯ ಮುಂದೆ ಬಂದಾಗ ಮುಖದಲ್ಲಿ ಏನು ಮೂಡಬಹುದು ಎಂದು ಯೋಚಿಸಿದಳು. ಮೊದಲ ನೋಟ ಒಂದೇ ಸಲ ಆಗುವಂಥದ್ದು. ಆ ನೋಟದಲ್ಲಿ, ಇಷ್ಟೇನಾ, ಎಂಬ ಒಂದು ಕ್ಷಣ ಸೇರಿಬಿಟ್ಟರೆ ಅದನ್ನು ಯಾವ ತಿರುಪಿನಿಂದ ತೆಗೆಯುವುದು? ಹನ್ನೊಂದು ಹೊಡೆಯಿತು. ಅವಳು ಸ್ಕ್ರೂಡ್ರೈವರನ್ನು ತಿರುಪಿಗಿಟ್ಟು, ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷದಲ್ಲಿ ನಡೆಯುವಷ್ಟು ಹಿಂದಕ್ಕೆ ತಿರುಗಿಸಿದಳು. ಅಷ್ಟನ್ನು ಯಾವ ಕಣ್ಣೂ ಗುರುತಿಸಲಾರದು. ಮುಕ್ಕಾಲು ಸುತ್ತೆಂದರೆ ಅಂಥವು ಒಂಬತ್ತು. ಅರ್ಧ ಗಂಟೆಗೊಮ್ಮೆ ಇಳಿಸುತ್ತ ಬಂದರೆ ಮೂರು ಗಂಟೆಗೆ ಚುಕ್ಕೆಗಳು ಎದುರುಬದುರಾಗುತ್ತವೆ. ಮಗು ಪರದೆಯಲ್ಲಿ ನಿಧಾನವಾಗಿ ತನ್ನ ಬಣ್ಣಕ್ಕೆ ಮರಳುತ್ತದೆ, ತಾಯಿಯ ಕಣ್ಣು ಅದರ ಜೊತೆಗೇ ಇಳಿಯುತ್ತದೆ, ನಾಲ್ಕು ಗಂಟೆಗೆ ಕಾಣುವ ಮಗು ಆಗ ತಾನೇ ಪರದೆಯಲ್ಲಿ ನೋಡಿದ ಮಗುವೇ ಆಗಿರುತ್ತದೆ. ಉಪಾಯ ಹೊಳೆದಾಗ ಅವಳಿಗೆ ಬುದ್ಧಿವಂತೆ ಎನಿಸಿತು. ಮರುಕ್ಷಣ, ಕಳ್ಳನೂ ಚೀಲದಿಂದ ಒಂದೊಂದೇ ಹಿಡಿ ತೆಗೆಯುವಾಗ ಹೀಗೇ ಅಂದುಕೊಳ್ಳಬಹುದು ಎನಿಸಿತು.

ಪ್ರತಿ ಸಲ ಇಳಿಸಿದ ಮೇಲೂ ಏನಾದರೊಂದು ನೆಪ ಮಾಡಿಕೊಂಡು ವಾರ್ಡಿನೊಳಗೆ ಹೋದಳು. ಪರದೆಯ ಹಿಂದಿನ ತಂತಿ ಮುಟ್ಟಿದಳು, ಮೇಲಿನ ಧೂಳು ಒರೆಸಿದಳು. ಲಾಂಡ್ರಿಯಮ್ಮ ಈಗ ಎರಡು ದಿಂಬಿಗೆ ಒರಗಿ ಕೂರುವಷ್ಟಾಗಿದ್ದಳು. ಹೊದಿಕೆಯ ಅಂಚನ್ನು ಬೆರಳಿನಿಂದ ಮಡಿಸುವುದು, ಗೆರೆ ತೀಡುವುದು, ಮತ್ತೆ ಬಿಚ್ಚುವುದು, ಇದು ಅವಳ ಅಭ್ಯಾಸ. ಕೈ ಅಂಗಡಿಯಲ್ಲೇ ಇದ್ದಂತಿತ್ತು. ಹತ್ತಿರದ ಕುರ್ಚಿಯಲ್ಲಿ ಅವಳ ಅತ್ತೆ, ಮೈ ಕೈ ತುಂಬಿಕೊಂಡ ಗಟ್ಟಿ ದನಿಯ ಹೆಂಗಸು, ಬಂದವರಿಗೆಲ್ಲ ಮೊಮ್ಮಗನನ್ನು ತೋರಿಸುತ್ತಿದ್ದಳು. ಈ ಕೆಂಪು ನಮ್ಮ ಕಡೆಯದು, ನನ್ನ ಮಗ ಹುಟ್ಟಿದಾಗಲೂ ಹೀಗೇ, ಟೊಮೇಟೊ ಹಣ್ಣು, ಎನ್ನುವುದನ್ನು ಇವಳು ಈ ಎಂಟು ದಿನದಲ್ಲಿ ಇಪ್ಪತ್ತು ಸಲವಾದರೂ ಕೇಳಿದ್ದಳು. ಕೇಳಿದಾಗಲೆಲ್ಲ ಹೆಮ್ಮೆಪಟ್ಟದ್ದೂ ಉಂಟು. ಈಗ ಒಂದೊಂದು ಸಲವೂ ಅದು ಕೆನ್ನೆಗೆ ಬಾರಿಸಿದಂತೆ ತಾಗುತ್ತಿತ್ತು. ಹನ್ನೆರಡೂವರೆಗೆ ಅತ್ತೆ ಇನ್ನೂ ಟೊಮೇಟೊ ಎನ್ನುತ್ತಿದ್ದಳು. ಒಂದೂವರೆಗೆ ಊಟದ ತಟ್ಟೆ ಪಕ್ಕಕ್ಕಿಟ್ಟು ಕಣ್ಣು ಕಿರಿದು ಮಾಡಿದಳು. ಯಾಕೋ ಒಂಚೂರು ಬಾಡಿದ ಹಾಗಿಲ್ವಾ, ಎಂದಳು. ಇವಳ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು. ಲಾಂಡ್ರಿಯಮ್ಮ ಪರದೆಯಿಂದ ಕಣ್ಣು ತೆಗೆಯದೆ, ಕಿಟಕಿ ಬೆಳಕು ಅತ್ತೆ, ಮಧ್ಯಾಹ್ನ ಆಯ್ತಲ್ಲ, ಎಂದಳು. ಅತ್ತೆ ಎದ್ದುಹೋಗಿ ಕಿಟಕಿಯ ಪರದೆ ಎಳೆದಳು. ಕೋಣೆ ಮಬ್ಬಾಯಿತು, ಮಗುವೊಂದೇ ಬೆಳಗಿತು, ಬೆಳಗಿದಾಗ ಮತ್ತಷ್ಟು ಬಿಳಿಚಿದಂತೆ ಕಂಡಿತು. ಇವಳು ಹೊರಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಗಂಡ ಹೇಳಿದ್ದ ಮಾತೊಂದು ಸುಮ್ಮನೆ ನೆನಪಾಯಿತು: ಪ್ರತಿ ಬೆಳಿಗ್ಗೆ ಮೊದಲ ಲಾರಿ ಬರುವ ಮುಂಚೆ ಖಾಲಿ ಕಟ್ಟೆಯನ್ನು ತೂಗಬೇಕಂತೆ, ಏನೂ ಇಲ್ಲದಾಗ ಸೊನ್ನೆ ತೋರಿಸಬೇಕಂತೆ. ತೋರಿಸದಿದ್ದರೆ ಎಂದು ಅವಳು ಕೇಳಿದ್ದಕ್ಕೆ, ತೋರಿಸದಿದ್ರೆ ಗೇಟು ತೆಗೆಯಲ್ಲ, ಲಾರಿಯೋನು ಎಷ್ಟೇ ಹಾರನ್ ಹೊಡೀಲಿ, ಎಂದಿದ್ದ. ಅವಳ ಕಟ್ಟೆ ಎಂದೂ ಖಾಲಿಯಿರುವುದೇ ಇಲ್ಲ. ಯಾರದೋ ಮುಖ ಅದರ ಮೇಲೆ ಸದಾ ನಿಂತಿರುತ್ತದೆ.

ಮೂರಕ್ಕೆ ಒಂಬತ್ತನೆಯ ಸಲ ತಿರುಗಿಸಿದಳು. ಎರಡು ಕೆಂಪು ಚುಕ್ಕೆಗಳು ಎದುರುಬದುರಾದವು. ಕೆಲಸ ಮುಗಿದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ, ಸ್ಕ್ರೂಡ್ರೈವರನ್ನು ಜೇಬಿಗಿಟ್ಟು ಕೆಳಗಿಳಿದುಬಿಡಬಹುದಿತ್ತು. ಗೂಡಿನ ಬಾಗಿಲು ಮುಚ್ಚಿ, ಮೆಟ್ಟಿಲಿನ ತನಕ ಹೋಗಿ, ನಿಂತಳು. ಎಂಟು ದಿನ ಕೊಟ್ಟದ್ದನ್ನು ನಾಲ್ಕು ಗಂಟೆಯಲ್ಲಿ ಸದ್ದಿಲ್ಲದೆ ವಾಪಸ್ ತೆಗೆದುಕೊಂಡಿದ್ದಳು. ಕೊಟ್ಟಾಗಲೂ ಕೇಳಿರಲಿಲ್ಲ, ತೆಗೆದಾಗಲೂ ಹೇಳಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತವಳನ್ನು ತಲೆಯೆತ್ತಿ ನೋಡಿದ ಅಪ್ಪನ ಕಣ್ಣು ನೆನಪಾಯಿತು. ಆವತ್ತೂ ಅವಳು, ಹೌದು, ನಾನೇ ಸೇರಿಸಿದೆ, ಎಂದಿರಲಿಲ್ಲ. ಅಜ್ಜಿ ಸಾಯುವ ತನಕ ಅಂದಿರಲಿಲ್ಲ. ತಿರುಗಿ ವಾರ್ಡಿಗೆ ಬಂದಳು. ಅತ್ತೆ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದಳು. ನಿಮಗೊಂದು ವಿಷಯ ಹೇಳಬೇಕಿತ್ತು, ಎಂದು ಶುರುಮಾಡಿದಳು. ಮೆಟ್ಟಿಲಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯ ಅಲ್ಲಿಗೇ ನಿಂತಿತು. ಲಾಂಡ್ರಿಯಮ್ಮ ತನ್ನ ಹೊದಿಕೆಯ ಅಂಚನ್ನು ಎತ್ತಿ, ಬಟ್ಟೆ ಅಂಗಡಿಯಲ್ಲಿ ರವಿಕೆಗೆ ಬಣ್ಣ ಹೊಂದಿಸುವವರ ಹಾಗೆ ಕೈ ಚಾಚಿ ಪರದೆಗೆ ಎದುರು ಹಿಡಿದಳು. ಮಗುವಿನ ಕೆಳಗಿನ ತಿಳಿನೀಲಿ, ಕೈಯಲ್ಲಿನ ತಿಳಿನೀಲಿ.

“ಈಗ ಕೂಡಿತು,” ಎಂದಳು. “ಇನ್ನೂ ಇಳಿಸೋದಿದೆಯಾ?”

ಇವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಒಮ್ಮೆಗೇ ಅರ್ಥವಾಯಿತು. ಬೆಳಿಗ್ಗೆ ಫೋನು ಮಾಡುವಾಗ ಅವಳು ಕೂತಿದ್ದದ್ದು ಆ ಹೊದಿಕೆಗಳ ಗಂಟಿನ ಮೇಲೆಯೇ. ಕಣ್ಣೆದುರಿಗೇ ಇದ್ದ ಪಟ್ಟಿ ಅದು, ಆ ತುದಿಯಲ್ಲೂ ಅದೇ ಬಟ್ಟೆ, ಈ ತುದಿಯಲ್ಲೂ ಅದೇ ಬಟ್ಟೆ. ಯಂತ್ರವೂ ಬೇಡ, ಅಳತೆಯೂ ಬೇಡ. ಮುಖಕ್ಕೆ ರಕ್ತ ನುಗ್ಗಿದ್ದು ಅವಳಿಗೇ ತಿಳಿಯಿತು. ಯಾವಾಗಿನಿಂದ ಗೊತ್ತಿತ್ತು, ಎಂದು ಕೇಳಿದಳು. ಲಾಂಡ್ರಿಯಮ್ಮ ಅವಸರವಿಲ್ಲದೆ, ಅತ್ತೆಗೆ ಎಚ್ಚರವಾಗದಷ್ಟು ತಗ್ಗಿದ ದನಿಯಲ್ಲಿ ಹೇಳಿದಳು. ಮೊದಲ ದಿನವೇ. ನೀವು ಆಚೆ ಹೋಗಿ ಬರೋದರೊಳಗೆ ಬೂದಿ ಇದ್ದೋನು ಗುಲಾಬಿ ಆದ, ಯಾವ ಮಗು ಒಂದು ನಿಮಿಷದಲ್ಲಿ ಹಾಗಾಗುತ್ತೆ? ಹೊದಿಕೆ ನೋಡಿದೆ. ಇದು ಐವತ್ತು ಅರವತ್ತು ನೀರು ಕಂಡ ನೀಲಿ, ಅಲ್ಲಿ ಅಂಗಡಿಯಿಂದ ಈಗ ತಂದ ಹಾಗೆ ಕಾಣ್ತಿತ್ತು. ನನ್ನ ಕಸುಬೇ ಅದಲ್ವಾ. ಅವತ್ತು ಒಂದು ದಿನ ಭಯ ಆಗಿದ್ದು ನಿಜ. ಹೆಚ್ಚು ಮಾಡಿದಾರೆ ಅಂದ್ರೆ ಕಮ್ಮಿ ಇದೆ ಅಂತ ತಾನೇ. ದೊಡ್ಡ ದಾದಿನ ಕರೆಸಿ, ಬೂದಿಯೇ ನಿಜವಾ ಅಂತ ಕೇಳಿದೆ. ಹೌದು, ಇನ್ನು ಎರಡು ದಿನ ಹಾಗೇ ಇರ್ತಾನೆ, ಆಮೇಲೆ ತಿರುಗ್ತಾನೆ ಅಂದ್ರು. ಮೂರನೇ ದಿನಕ್ಕೆ ತಿರುಗಿದ. ಅಷ್ಟರಮೇಲೆ ಲೆಕ್ಕ ಸುಲಭ ಆಯ್ತು. ನೀಲಿ ಎಷ್ಟು ಜಾಸ್ತಿ ಇದೆಯೋ ಅವನ ಕೆನ್ನೆಯಿಂದ ಅಷ್ಟು ಕಳೆದು ನೋಡ್ತಿದ್ದೆ.

ಅವತ್ತು ಒಂದು ದಿನ ಭಯ ಆಗಿದ್ದು ನಿಜ ಎಂಬ ಮಾತು ಅವಳೊಳಗೆ ಹೋಗಿ ಒಂದು ಜಾಗ ಹಿಡಿದು ಕೂತಿತು. ಅದು ಅಲ್ಲೇ ಇರುತ್ತದೆ ಎಂದು ಅವಳಿಗೆ ಗೊತ್ತಾಯಿತು, ಇರಲಿ ಎಂದೂ ಅನಿಸಿತು. ತಪ್ಪಾಯಿತು ಎಂದಳು. ಈ ಸಲ ಅದಕ್ಕೆ ಮುಂದೆಯೂ ಹಿಂದೆಯೂ ಏನನ್ನೂ ಸೇರಿಸಲಿಲ್ಲ. ಲಾಂಡ್ರಿಯಮ್ಮ ತಲೆಯಾಡಿಸಿದಳು, ಆಗಲಿ ಎನ್ನುವಂತೆ. ಮತ್ತೆ ನನಗೆ ಯಾಕೆ ಹೇಳಲಿಲ್ಲ, ಎಂದು ಇವಳು ಕೇಳದೆ ಇರಲಾಗಲಿಲ್ಲ.

“ದಿನಾ ಬಂದು ಅಷ್ಟು ಆಸೆಯಿಂದ ಕೇಳ್ತಿದ್ರಿ, ಚೆನ್ನಾಗಿ ಕಾಣ್ತಾನಾ ಅಂತ,” ಎಂದಳು ಲಾಂಡ್ರಿಯಮ್ಮ. “ನಿಮ್ಮ ಮುಖ ನೋಡಿದ್ರೆ ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೆಂದು ಆಮೇಲೆ ನೆನಪಿಸಿಕೊಳ್ಳಲಾಗಲಿಲ್ಲ. ಲಾಂಡ್ರಿಯಮ್ಮ ಹೊಲಿಗೆ ಒತ್ತಿ ಹಿಡಿದುಕೊಂಡು, ನಗಿಸಬೇಡಿ, ಬಿಚ್ಚಿಹೋಗುತ್ತೆ, ಎಂದು ಹೇಳುತ್ತ ನಕ್ಕಳು. ಅತ್ತೆ ಎಚ್ಚೆತ್ತು, ಏನು, ಏನಾಯ್ತು, ಎಂದು ಇಬ್ಬರನ್ನೂ ನೋಡಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಗಾಲಿಕುರ್ಚಿ ಬಂತು. ಕೆಳಗೆ ಒಬ್ಬರಿಗೆ ಮಾತ್ರ ಅಪ್ಪಣೆಯಿತ್ತು. ಅತ್ತೆ ಸೊಸೆಯ ಕೂದಲು ಸರಿಮಾಡಿ, ಮುಖ ಒರೆಸಿ, ಮೊದಲ ಸಲ ನೋಡ್ತಿದಾನೆ, ಅಮ್ಮ ಅಂದ್ರೆ ಹೀಗಾ ಅನ್ನಬಾರದು ಅವನು, ಎಂದು ಗದರಿ ಕಳಿಸಿದಳು. ಆಮೇಲೆ ಪರದೆಯ ಎದುರು ಕುರ್ಚಿ ಎಳೆದುಕೊಂಡು, ನೀನೂ ಕೂತ್ಕೋ, ಒಬ್ಬಳೇ ನೋಡೋಕೆ ನಂಗೆ ಕೈಕಾಲು ಆಡ್ತಿಲ್ಲ, ಎಂದು ಇವಳ ತೋಳು ಹಿಡಿದು ಹಾಸಿಗೆಯ ಅಂಚಿಗೆ ಕೂರಿಸಿದಳು. ಮಗು ಪರದೆಯಲ್ಲಿ ನಿದ್ದೆಯಲ್ಲಿತ್ತು, ಹಳೆಯ ಪುಸ್ತಕದ ಹಾಳೆಯ ಬಣ್ಣದಲ್ಲಿ, ಮೊಣಕಾಲಿನ ಸುಕ್ಕಿನ ಜೊತೆಗೆ. ತಲೆಯ ಸುತ್ತ ಬೆಳಕಿನ ಬಳೆ ಇರಲಿಲ್ಲ. ಅದೆಲ್ಲಿ ಹೋಯ್ತು ಎಂದು ಅತ್ತೆ ಕೇಳಿದಳು. ಅದು ನನ್ನ ತಪ್ಪಿನಿಂದ ಬಂದಿತ್ತಮ್ಮ, ಈಗ ಸರಿಮಾಡಿದೆ, ಎಂದಳು. ಹಾಗಾ, ಎಂದು ಅತ್ತೆ ಒಂದು ಕ್ಷಣ ಯೋಚಿಸಿ, ಬಿಡು, ಅದರಿಂದ ಅವನ ಕಿವಿ ಸರಿಯಾಗಿ ಕಾಣ್ತಿರಲಿಲ್ಲ, ಎಂದಳು.

ಪರದೆಯ ಬಲದ ಅಂಚಿನಿಂದ ಒಂದು ಕೈ ಬಂತು. ಪೆಟ್ಟಿಗೆಯ ದುಂಡು ಕಿಂಡಿಯೊಳಗೆ ಅದು ಬಹಳ ನಿಧಾನವಾಗಿ ಚಾಚಿತು, ಮಗುವಿನ ಹೊಟ್ಟೆಯ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಹೆಬ್ಬೆರಳಿನ ಬುಡದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಂದು ಕಲೆ. ಒಂದು ಗಂಟೆಯ ಹಿಂದೆ ಹೊದಿಕೆ ಎತ್ತಿ ಹಿಡಿದಿದ್ದ ಕೈ, ಅದೇ ಬಣ್ಣದ ಕೈ. ಇವಳ ಬೆರಳು ತಾನಾಗಿ ಜೇಬಿನ ಸ್ಕ್ರೂಡ್ರೈವರನ್ನು ಹುಡುಕಿ ಹಿಡಿದಿತ್ತು. ಬಿಟ್ಟಳು. ಕೈ ಇಳಿದು ಹೊಟ್ಟೆಯ ಮೇಲೆ ಕೂತಿತು, ಮಗುವಿನ ಕಾಲೆರಡೂ ಒಮ್ಮೆ ನೆಗೆದವು. ಅಷ್ಟರಲ್ಲಿ ಲಾಂಡ್ರಿಯಮ್ಮನ ತಲೆ ಚಿತ್ರದೊಳಗೆ ಬಾಗಿ ಬಂತು, ಮೊದಲು ಬೈತಲೆ, ನಂತರ ಮೇಲಕ್ಕೆತ್ತಿದ ಮುಖ. ಅವಳು ನೇರವಾಗಿ ಕ್ಯಾಮೆರಾದ ಕಣ್ಣಿನೊಳಗೆ ನೋಡಿ, ಮುಖಕ್ಕೆ ಕಟ್ಟಿದ್ದ ಬಟ್ಟೆಯ ಹಿಂದಿನಿಂದ ಏನೋ ಹೇಳಿದಳು. ಉದ್ದಕ್ಕೆ ಹೇಳಿದಳು. ಕಣ್ಣು ಒದ್ದೆಯಾಗಿತ್ತು, ಹುಬ್ಬು ಮಾತ್ರ ನಗುವವರ ಹುಬ್ಬಿನಂತೆ ಮೇಲೆದ್ದಿತ್ತು.

ಏನಂತೆ, ಏನಂದಳು, ಎಂದು ಅತ್ತೆ ಇವಳ ಕಡೆ ತಿರುಗಿ ಕಿವಿ ಚಾಚಿದಳು. ನಾಲ್ಕು ಸಾಲು ಮುಗಿದ ಮೇಲೂ ಚಾಚಿಕೊಂಡೇ ಇರುವಂಥ ಕಿವಿ. ಹೇಳಬಹುದಾದ ಮಾತು ಒಂದಲ್ಲ, ಹತ್ತು ಅವಳ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು, ಎಲ್ಲವೂ ಚೆನ್ನಾಗಿದ್ದವು, ಒಂದೆರಡು ನಿಜವೂ ಇರಬಹುದಿತ್ತು.

“ಗೊತ್ತಾಗಲಿಲ್ಲಮ್ಮ,” ಎಂದಳು. “ಈ ಕೇಬಲಿನಲ್ಲಿ ಮಾತು ಬರಲ್ಲ. ಚಿತ್ರ ಮಾತ್ರ.”

ಅತ್ತೆ ಅವಳನ್ನು ಅಯ್ಯೋ ಪಾಪ ಎನ್ನುವಂತೆ ನೋಡಿ, ನಿಂಗೆ ಗೊತ್ತಾಗದಿದ್ರೆ ನಂಗೆ ಗೊತ್ತಾಯ್ತು ಬಿಡು, ಮೂಗು ನನ್ನ ಮಗನದೇ ಅಂತಿದಾಳೆ, ಎಂದು ಪರದೆಯ ಕಡೆಗೆ ತಿರುಗಿದಳು. ಕಿಟಕಿಯ ಪರದೆಯ ಸಂದಿಯಿಂದ ಬಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದು ನಿಂತಿತ್ತು. ಅವಳು ತಿಳಿನೀಲಿ ಹೊದಿಕೆಯ ಮೇಲೆ ಕೈಯೂರಿ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಳು.